ವೆಬ್, ಹಬಲ್, ಆಸ್ಟ್ರೋಸ್ಯಾಟ್ ಮತ್ತೆ ನಮ್ಮನೆ ಟೆರೇಸ್ ಮೇಲಿನ ಟೆಲಿಸ್ಕೋಪ್

(ಮೈಸೂರಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಮುಂದೆ ಆಡಿದ ಮಾತಿದು. ಬರೋಕೆ ಆಗದೇ ಇದ್ದ ಗೆಳೆಯರು ಕೇಳಿದ್ರು ಅಂತ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದ್ದೀನಿ, ಕೊನೇಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಎಷ್ಟೋ ಜನ ಸ್ವಂತ ಟೆಲಿಸ್ಕೋಪ್ ಇಟ್ಕೊಂಡಿರೋರು, ಉಳಿದೋರು ಇವತ್ತಲ್ಲ ನಾಳೆ ಒಂದು ತಗೋಬೇಕು ಅಂತ ಇರೋರು, ಅದಕ್ಕೇ ನಾನು ಬರೀ ಚೆಂದದ ಫೋಟೋ ತೋರಿಸಿ ಕಳಿಸೋಕೆ ಹೋಗಲ್ಲ, ವೆಬ್ ಸ್ಪೇಸ್ ಟೆಲಿಸ್ಕೋಪ್ ತೆಗೆದ ಫೋಟೋಗಳು ಈಗಾಗ್ಲೇ ಎಲ್ರ ಮೊಬೈಲಲ್ಲೂ ವಾಲ್‌ಪೇಪರ್ ಆಗಿ ಕೂತಿವೆ. ನಂಗೆ ಹೇಳ್ಬೇಕು ಅನ್ಸಿರೋದು ಒಂದೇ ವಿಷಯ. ಅಷ್ಟು ದುಡ್ಡು ಸುರಿದು ಮೇಲೆ ಕಳಿಸಿರೋ ಟೆಲಿಸ್ಕೋಪ್‌ಗಳು ಕಂಡುಹಿಡಿದಿರೋದ್ರಲ್ಲಿ ಎಷ್ಟೋ ವಿಷಯ ಕೆಳಗಡೆ ಆರಿಂಚು ಎಂಟಿಂಚು ಅಗಲದ ಕನ್ನಡಿಯ ಟೆಲಿಸ್ಕೋಪ್ ಹಿಡ್ಕೊಂಡು ಕೂತಿರೋ ಜನ ಕೈ ಜೋಡಿಸಿದ್ದಕ್ಕೇ ಪೂರ್ತಿ ಆಗಿದ್ದು. ಆ ಜನ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರ್ಬೇಕು ಅಂತೇನಿಲ್ಲ, ಕುವೆಂಪುನಗರದಲ್ಲೂ ಇರಬಹುದು, ಮದ್ದೂರಲ್ಲೂ ಇರಬಹುದು.

ಮೊದ್ಲು ಇದು ಯಾಕೆ ಹೀಗೆ ಅಂತ ನೋಡೋಣ. ದೊಡ್ಡ ಟೆಲಿಸ್ಕೋಪ್ ಅಂದ ತಕ್ಷಣ ಅದಕ್ಕೆ ಆಕಾಶ ಎಲ್ಲಾ ಕಾಣುತ್ತೆ ಅಂದ್ಕೋತೀವಿ. ಹಾಗಿಲ್ಲ. ಹಬಲ್ ಸ್ಪೇಸ್ ಟೆಲಿಸ್ಕೋಪಿನ ಕ್ಯಾಮೆರಾ ಒಂದು ಸಲಕ್ಕೆ ನೋಡೋ ಜಾಗ ಎಷ್ಟು ಚಿಕ್ಕದು ಅಂದ್ರೆ ಹುಣ್ಣಿಮೆ ಚಂದ್ರನ್ನ ಪೂರ್ತಿ ಮುಚ್ಚೋಕೆ ಹೆಚ್ಚುಕಮ್ಮಿ ನೂರು ಫೋಟೋ ಪಕ್ಕಪಕ್ಕ ಜೋಡಿಸ್ಬೇಕು. 1995ರ ಡಿಸೆಂಬರ್‌ನಲ್ಲಿ ಸಪ್ತರ್ಷಿ ಮಂಡಲದ ಹತ್ರ ಏನೂ ಇಲ್ಲದ ಹಾಗೆ ಕಾಣೋ ಒಂದು ಚೂರು ಜಾಗಕ್ಕೆ ಹಬಲ್‌ನ ಹತ್ತು ದಿನ ತಿರುಗಿಸಿ ಇಟ್ರು, ಅಷ್ಟು ಅಮೂಲ್ಯ ಟೈಮನ್ನ ಖಾಲಿ ಜಾಗ ನೋಡೋಕೆ ಹಾಳು ಮಾಡ್ತೀರಾ ಅಂತ ಆಗ ಬೇಡ ಅಂದೋರೂ ಇದ್ರು, ಆದ್ರೆ ಆ ಚೂರಲ್ಲಿ ಸುಮಾರು 3 ಸಾವಿರ ಗ್ಯಾಲಕ್ಸಿ ಸಿಕ್ಕಿದ್ವು. ಇಡೀ ಆಕಾಶದ ಎರಡು ಕೋಟಿಗೂ ಹೆಚ್ಚು ಪಾಲಲ್ಲಿ ಒಂದು ಪಾಲು ಅದು. ಅದನ್ನ ನೋಡ್ತಿದ್ದ ಆ ಹತ್ತು ದಿನ ಉಳಿದ ಆಕಾಶದಲ್ಲಿ ಏನಾಗ್ತಿದೆ ಅಂತ ಹಬಲ್‌ಗೆ ಗೊತ್ತಿಲ್ಲ.

ಟೈಮ್ ಅಂತೂ ಕೇಳ್ಲೇಬೇಡಿ. ವೆಬ್‌ನಲ್ಲಿ ಸಮಯ ಬೇಕು ಅಂತ ವಿಜ್ಞಾನಿಗಳು ವರ್ಷಕ್ಕೊಂದು ಸಲ ಅರ್ಜಿ ಹಾಕ್ತಾರೆ, ಇತ್ತೀಚಿನ ವರ್ಷಗಳಲ್ಲಿ 9 ಗಂಟೆ ಕೇಳಿದ್ರೆ 1 ಗಂಟೆ ಸಿಗೋ ಲೆಕ್ಕ ಆಗಿದೆ, ಪ್ರಪಂಚದ ಘಟಾನುಘಟಿ ಪ್ರೊಫೆಸರ್‌ಗಳ ಅರ್ಜಿನೂ ವಾಪಸ್ ಬರುತ್ತೆ. ಅಂದ್ರೆ ಯಾವುದೋ ಒಂದು ನಕ್ಷತ್ರನ ದಿನಾ ರಾತ್ರಿ, ವರ್ಷಗಟ್ಟಲೆ, ಬಿಡದೆ ನೋಡ್ಕೊಂಡು ಕೂರೋ ಕೆಲಸ ವೆಬ್‌ಗೆ ಕೊಡೋಕೆ ಆಗಲ್ಲ. ಆ ಕೆಲಸ ಯಾರು ಮಾಡ್ಬೇಕು? ಕತ್ತಲೆ ಆದ್ಮೇಲೆ ಟೈಮ್ ಇರೋರು, ಟೆರೇಸ್ ಇರೋರು, ಆಕಾಶದ ಮೇಲೆ ಪ್ರೀತಿ ಇರೋರು.

ಈಗ ಒಂದು ಗ್ರಹದ ಕಥೆ ಹೇಳ್ತೀನಿ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಇದರ ನಕ್ಷತ್ರನ ನಿಮ್ಮಲ್ಲಿ ತುಂಬಾ ಜನ ಆಗ್ಲೇ ನೋಡಿದ್ದೀರಿ. ಎಂ 27, ಡಂಬೆಲ್ ನೆಬುಲಾ ಅನ್ನೋ ಮಬ್ಬು ಅನಿಲದ ಮೋಡ, ಗೊತ್ತಲ್ವಾ? ದಸರಾ ಟೈಮಲ್ಲಿ ಮೋಡ ಬಿಟ್ರೆ ಸಂಜೆ ಏಳೂವರೆಗೆ ನಮ್ಮ ಮೈಸೂರಲ್ಲಿ ಹೆಚ್ಚುಕಮ್ಮಿ ನೆತ್ತಿ ಮೇಲೇ ಇರುತ್ತೆ, ಕತ್ತು ನೋಯುತ್ತೆ ನೋಡೋಕೆ. ಕಡಿಮೆ ಪವರ್ ಐಪೀಸ್ ಹಾಕಿ ಆ ನೆಬುಲಾನ ಇಟ್ರೆ ಅದೇ ಫೀಲ್ಡ್‌ನಲ್ಲಿ, ಕಾಲು ಡಿಗ್ರಿ ಪೂರ್ವಕ್ಕೆ ಒಂದು ಸಾಧಾರಣ ನಕ್ಷತ್ರ ಕಾಣುತ್ತೆ. ಹೊಳಪು 7.7 ಮ್ಯಾಗ್ನಿಟ್ಯೂಡ್ (ಈ ನಂಬರ್ ಜಾಸ್ತಿ ಆದಷ್ಟೂ ನಕ್ಷತ್ರ ಮಂಕು), ಬೈನಾಕ್ಯುಲರ್‌ಗೂ ಸಿಗುತ್ತೆ. ಯಾರೂ ಅದರ ಕಡೆ ತಿರುಗಿ ನೋಡಲ್ಲ, ಎಲ್ರೂ ನೆಬುಲಾ ನೋಡಿ ಮುಂದಕ್ಕೆ ಹೋಗ್ತಾರೆ. ಅದರ ಹೆಸರು ಎಚ್‌ಡಿ 189733. ನಮ್ಮಿಂದ 64 ಜ್ಯೋತಿರ್ವರ್ಷ ದೂರ.

2005ರಲ್ಲಿ ಫ್ರಾನ್ಸಿನ ಒಬ್ಸರ್ವೇಟರಿಯಿಂದ ನೋಡಿ ಆ ನಕ್ಷತ್ರಕ್ಕೆ ಒಂದು ಗ್ರಹ ಇದೆ ಅಂತ ಕಂಡುಹಿಡಿದ್ರು. ಗುರುಗ್ರಹದಷ್ಟು ದಪ್ಪ, ಆದ್ರೆ ತನ್ನ ನಕ್ಷತ್ರಕ್ಕೆ ಅಂಟ್ಕೊಂಡ ಹಾಗೆ ಸುತ್ತುತ್ತೆ, ನಮ್ಮ ಬುಧ ಸೂರ್ಯನಿಂದ ಎಷ್ಟು ದೂರ ಇದಾನೋ ಅದರ ಹನ್ನೆರಡನೇ ಒಂದು ಭಾಗದಷ್ಟು ದೂರದಲ್ಲಿ, ಒಂದು ಸುತ್ತಿಗೆ 2.2 ದಿನ. ಆಮೇಲೆ ಒಂದೊಂದೇ ಸ್ಪೇಸ್ ಟೆಲಿಸ್ಕೋಪ್ ಅದರ ಹಿಂದೆ ಬಿದ್ವು. 2007ರಲ್ಲಿ ಸ್ಪಿಟ್ಜರ್ ಅದರ ಮೇಲ್ಮೈ ಎಲ್ಲಿ ಎಷ್ಟು ಬಿಸಿ ಅಂತ ಒಂದು ಮ್ಯಾಪೇ ಮಾಡ್ತು, ಬೇರೆ ನಕ್ಷತ್ರದ ಗ್ರಹಕ್ಕೆ ಅಂಥ ಮ್ಯಾಪ್ ಆಗಿದ್ದು ಅದೇ ಮೊದ್ಲು. 2013ರಲ್ಲಿ ಹಬಲ್ ಅದರ ಬಣ್ಣ ಹೇಳ್ತು, ಗಾಢ ನೀಲಿ. ನೀಲಿ ಅಂದ್ರೆ ಸಮುದ್ರ ಅಲ್ಲ, ಅಲ್ಲಿ ಸಾವಿರ ಡಿಗ್ರಿ ಹತ್ರ ಶಾಖ, ಗಂಟೆಗೆ 8 ಸಾವಿರ ಕಿಲೋಮೀಟರ್ ದಾಟೋ ಗಾಳಿ, ಆ ಗಾಳೀಲಿ ಮರಳಿನ ಜಾತಿಯ ಸಿಲಿಕೇಟ್ ಕಣಗಳು ಹಾರಾಡ್ತಿವೆ, ಅವು ನೀಲಿ ಬೆಳಕನ್ನ ಚೆದುರಿಸ್ತಾವೆ. 2024ರಲ್ಲಿ ವೆಬ್ ಅದೇ ಗ್ರಹದ ವಾತಾವರಣದಲ್ಲಿ ಹೈಡ್ರೋಜನ್ ಸಲ್ಫೈಡ್ ಪತ್ತೆ ಮಾಡ್ತು, ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದೇ ಗ್ಯಾಸು. ಯಾರೂ ಕಣ್ಣಲ್ಲಿ ನೋಡದ ಒಂದು ಗ್ರಹದ ಬಣ್ಣ, ಬಿಸಿ, ಗಾಳಿ, ವಾಸನೆ, ಇಷ್ಟೂ ಗೊತ್ತಾಗಿದೆ ಈಗ! ನಂಗೆ ಇದು ಎಷ್ಟು ಸಲ ಹೇಳಿದ್ರೂ ಮೈ ಜುಂ ಅನ್ನುತ್ತೆ.

ಈಗ ನಮ್ಮ ಪಾಲಿಗೆ ಬನ್ನಿ. ಆ ಗ್ರಹ ತನ್ನ ನಕ್ಷತ್ರದ ಮುಂದೆ ಹಾದು ಹೋಗುವಾಗ, ಇದಕ್ಕೇ ಟ್ರಾನ್ಸಿಟ್ ಅನ್ನೋದು, ನಕ್ಷತ್ರದ ಬೆಳಕು ನೂರಕ್ಕೆ 2.4ರಷ್ಟು ಕಮ್ಮಿ ಆಗುತ್ತೆ, ಸುಮಾರು ಒಂದು ಮುಕ್ಕಾಲು ಗಂಟೆ. 2.4 ಅಂದ್ರೆ ಕಣ್ಣಿಗೆ ಗೊತ್ತಾಗಲ್ಲ, ಆದ್ರೆ ಕ್ಯಾಮೆರಾಗೆ ಗೊತ್ತಾಗುತ್ತೆ. ಆರಿಂಚಿನ ಟೆಲಿಸ್ಕೋಪು, ಟ್ರ್ಯಾಕ್ ಮಾಡೋ ಮೌಂಟು, ಒಂದು ಡಿಎಸ್‌ಎಲ್‌ಆರ್ ಅಥವಾ ಸಾಧಾರಣ ಸಿಮಾಸ್ ಕ್ಯಾಮೆರಾ, ಇಷ್ಟಿದ್ರೆ ಸಾಕು. ಫೋಕಸ್ ಸ್ವಲ್ಪ ಬೇಕಂತಲೇ ತಪ್ಪಿಸಿ, ನಕ್ಷತ್ರದ ಬೆಳಕು ನಾಲ್ಕಾರು ಪಿಕ್ಸೆಲ್ ಮೇಲೆ ಹರಡ್ಲಿ, ಟ್ರಾನ್ಸಿಟ್ ಶುರು ಆಗೋಕೆ ಒಂದು ಗಂಟೆ ಮುಂಚೆ ಶುರು ಮಾಡಿ ಮುಗಿದ ಒಂದು ಗಂಟೆ ಆದ್ಮೇಲೆ ನಿಲ್ಸಿ, ನಿಮಿಷಕ್ಕೊಂದೋ ಎರಡೋ ಫೋಟೋ. ಆಮೇಲೆ ಪಕ್ಕದಲ್ಲಿರೋ ಹೊಳಪು ಬದಲಾಗದ ನಕ್ಷತ್ರಗಳ ಜೊತೆ ಹೋಲಿಸಿ ಗ್ರಾಫ್ ಹಾಕಿದ್ರೆ ನಡುವೆ ಒಂದು ಹಳ್ಳ ಕಾಣುತ್ತೆ. 64 ಜ್ಯೋತಿರ್ವರ್ಷ ಆಚೆ ಇರೋ ಗ್ರಹದ ನೆರಳು ನಿಮ್ಮನೆ ಟೆರೇಸ್ ಮೇಲೆ ಬಿದ್ದಿದೆ ಅನ್ನೋದಕ್ಕೆ ಅದೇ ಸಾಕ್ಷಿ.

ಗೊತ್ತಿರೋ ಗ್ರಹನ ಮತ್ತೆ ನೋಡಿ ಏನು ಉಪಯೋಗ ಅಂತ ಕೇಳ್ತೀರಿ, ನ್ಯಾಯವಾದ ಪ್ರಶ್ನೆ. ಗ್ರಹ ಮುಂದಿನ ಸಲ ಯಾವಾಗ ಅಡ್ಡ ಬರುತ್ತೆ ಅಂತ ಲೆಕ್ಕ ಹಾಕಿ ಇಟ್ಟಿರ್ತಾರೆ, ಆ ಲೆಕ್ಕದಲ್ಲಿ ಒಂದು ಸುತ್ತಿಗೆ ಅರ್ಧ ಸೆಕೆಂಡ್ ವ್ಯತ್ಯಾಸ ಇದ್ರೂ ಸಾವಿರ ಸುತ್ತು ಆಗೋ ಹೊತ್ತಿಗೆ ಎಂಟು ನಿಮಿಷ ಆಚೀಚೆ ಆಗಿರುತ್ತೆ. ಕೆಲವು ಗ್ರಹಗಳ ಲೆಕ್ಕ ಗಂಟೆಗಟ್ಟಲೆ ಹಳಸಿ ಹೋಗಿರುತ್ತೆ. ಆ ಹಳೇ ಟೈಮ್‌ಟೇಬಲ್ ನಂಬಿ ವೆಬ್‌ನ ತಿರುಗಿಸಿದ್ರೆ ಗ್ರಹ ಬಂದು ಹೋಗಿಬಿಟ್ಟಿರಬಹುದು, ಇಲ್ಲಾ ಇನ್ನೂ ಬಂದೇ ಇಲ್ದಿರಬಹುದು, ಆಗ ಅಷ್ಟು ಕಷ್ಟಪಟ್ಟು ಸಿಕ್ಕ ಟೈಮ್ ನೀರುಪಾಲು. ಹಾಗಾಗ್ಬಾರ್ದು ಅಂತ್ಲೇ ನಾಸಾದ ಎಕ್ಸೋಪ್ಲಾನೆಟ್ ವಾಚ್ ಅನ್ನೋ ಯೋಜನೆ ಇದೆ, ಪ್ರಪಂಚದ ಹವ್ಯಾಸಿಗಳು ಚಿಕ್ಕ ಟೆಲಿಸ್ಕೋಪಲ್ಲಿ ಟ್ರಾನ್ಸಿಟ್ ಅಳೆದು ಕಳಿಸ್ತಾರೆ, ಲೆಕ್ಕ ಹೊಸದಾಗುತ್ತೆ, ಆ ಡೇಟಾ ಬಳಸಿ ಪೇಪರ್ ಬರೆದ್ರೆ ಅಳೆದೋರ ಹೆಸರೂ ಲೇಖಕರ ಪಟ್ಟೀಲಿ ಬರುತ್ತೆ. ಅವರ ಸಾಫ್ಟ್‌ವೇರ್ ಫ್ರೀ, ಬ್ರೌಸರಲ್ಲೇ ಓಡುತ್ತೆ, ದೊಡ್ಡ ಕಂಪ್ಯೂಟರ್ ಬೇಡ.

ಗ್ರಹ ಹುಡುಕೋ ಸ್ಪೇಸ್ ಟೆಲಿಸ್ಕೋಪ್ ಇನ್ನೊಂದು ಟೆಸ್ ಅಂತ ಇದೆ. 2018ರ ಏಪ್ರಿಲ್‌ನಲ್ಲಿ ಹೋಗಿದ್ದು. ಅದರ ಲೆನ್ಸು ಎಷ್ಟು ದೊಡ್ಡದು ಗೊತ್ತಾ, ಸುಮಾರು 10 ಸೆಂಟಿಮೀಟರ್, ನಮ್ಮ ನಾಲ್ಕಿಂಚು ರಿಫ್ರಾಕ್ಟರ್ ಅಷ್ಟೇ! ಅಂಥವು ನಾಲ್ಕು ಕ್ಯಾಮೆರಾ. ಆಕಾಶದ ಒಂದು ಉದ್ದ ಪಟ್ಟೀನ 27 ದಿನ ಕಣ್ಣು ಮಿಟುಕಿಸದೆ ನೋಡುತ್ತೆ, ಆಮೇಲೆ ಮುಂದಿನ ಪಟ್ಟಿ. ಇಷ್ಟು ಅಗಲಕ್ಕೆ ನೋಡೋದ್ರಿಂದ ಅದರ ಒಂದೊಂದು ಪಿಕ್ಸೆಲ್ಲೂ 21 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3,600 ಆರ್ಕ್‌ಸೆಕೆಂಡ್) ಜಾಗ ಹಿಡಿಯುತ್ತೆ, ಅಷ್ಟರೊಳಗೆ ಹಲವಾರು ನಕ್ಷತ್ರ ಇರಬಹುದು. ದಸರಾದಲ್ಲಿ ಚಾಮುಂಡಿ ಬೆಟ್ಟದ ಮೇಲಿಂದ ಅರಮನೆ ನೋಡಿ, ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಸೇರಿ ಒಂದೇ ಚಿನ್ನದ ಬೆಳಕಾಗಿ ಕಾಣುತ್ತೆ, ಅದರಲ್ಲಿ ಯಾವುದೋ ಒಂದು ಬಲ್ಬು ಮಿಣುಕ್ತಿದೆ ಅಂತ ಅಂದ್ಕೊಳ್ಳಿ, ಯಾವುದು ಅಂತ ಹೇಳ್ಬೇಕಂದ್ರೆ ಅರಮನೆ ಅಂಗಳಕ್ಕೇ ಹೋಗ್ಬೇಕು. ಟೆಸ್ ಸ್ಥಿತಿ ಅದೇ. ಬೆಳಕು ಕಮ್ಮಿ ಆಯ್ತು ಅಂತ ಹೇಳುತ್ತೆ, ಯಾವ ನಕ್ಷತ್ರದ್ದು ಅಂತ ಖಚಿತ ಇಲ್ಲ. ಪಕ್ಕದಲ್ಲಿ ಒಂದನ್ನೊಂದು ಮರೆ ಮಾಡೋ ಜೋಡಿ ನಕ್ಷತ್ರ ಇದ್ರೂ ಗ್ರಹ ಅಂತ್ಲೇ ಕಾಣುತ್ತೆ.

ಇದನ್ನ ಬಿಡಿಸೋಕೆ ನೆಲದ ಮೇಲಿನ ಟೆಲಿಸ್ಕೋಪ್ ಬೇಕು, ನಮ್ಮ ಎಂಟಿಂಚು ಟೆಲಿಸ್ಕೋಪ್ ಆ ವಿಷಯದಲ್ಲಿ ಟೆಸ್‌ಗಿಂತ ಚೂಪು, ಪಕ್ಕಪಕ್ಕದ ನಕ್ಷತ್ರನ ಬೇರೆ ಬೇರೆ ಮಾಡಿ ತೋರಿಸುತ್ತೆ. ಟೆಸ್ ಪಟ್ಟಿ ಮಾಡಿರೋ ಸಂಶಯದ ಗ್ರಹಗಳು 7 ಸಾವಿರ ದಾಟಿವೆ, ಅದರಲ್ಲಿ ಪಕ್ಕಾ ಅಂತ ಆಗಿರೋದು ಇನ್ನೂ ಸಣ್ಣ ಪಾಲು. ವೃತ್ತಿಪರರ ಕೈಲಿ ಇಷ್ಟನ್ನೂ ನೋಡೋಕೆ ಆಗಲ್ಲ, ಅದಕ್ಕೇ ಈ ಫಾಲೋಅಪ್ ಕೆಲಸದ ಗುಂಪಲ್ಲಿ ಹವ್ಯಾಸಿಗಳೂ ಇದಾರೆ.

ಗ್ರಹ ಹುಡುಕಿದ ಕೆಪ್ಲರ್ ಸ್ಪೇಸ್ ಟೆಲಿಸ್ಕೋಪ್ ಬಗ್ಗೆನೂ ಹೇಳ್ಲೇಬೇಕು. 2009ರಿಂದ 2018ರ ತನಕ ಕೆಲಸ ಮಾಡ್ತು, ಮೊದಲ ನಾಲ್ಕು ವರ್ಷ ಅಭಿಜಿತ್ ನಕ್ಷತ್ರಕ್ಕೂ ಹಂಸ ಮಂಡಲಕ್ಕೂ ನಡುವೆ ಇರೋ ಒಂದೇ ಜಾಗನ ನೋಡ್ತಾ ಕೂತಿತ್ತು, ಒಂದೂವರೆ ಲಕ್ಷ ನಕ್ಷತ್ರ. ಅದರ ಡೇಟಾದಿಂದ ಸಿಕ್ಕಿದ ಗ್ರಹಗಳು 2,600ಕ್ಕೂ ಹೆಚ್ಚು. ಡೇಟಾ ಜರಡಿ ಹಿಡಿಯೋಕೆ ಕಂಪ್ಯೂಟರ್ ಪ್ರೋಗ್ರಾಂ ಇತ್ತು, ಅದಕ್ಕೆ ಹೇಳಿಕೊಟ್ಟಿದ್ದು ಸರಿಯಾದ ಅಂತರದಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಹಳ್ಳ ಹುಡುಕು ಅಂತ. 2010ರಲ್ಲಿ ಪ್ಲಾನೆಟ್ ಹಂಟರ್ಸ್ ಅಂತ ಶುರು ಮಾಡಿ ಅದೇ ಗ್ರಾಫ್‌ಗಳನ್ನ ಸಾಮಾನ್ಯ ಜನರ ಮುಂದೆ ಇಟ್ರು, ಮನೇಲಿ ಕೂತು ನೋಡಿ, ವಿಚಿತ್ರ ಏನಾದ್ರೂ ಕಂಡ್ರೆ ಹೇಳಿ ಅಂತ. 2012ರಲ್ಲಿ ಆ ಜನಾನೇ ನಾಲ್ಕು ನಕ್ಷತ್ರಗಳಿರೋ ಸಂಸಾರದಲ್ಲಿ ಒಂದು ಗ್ರಹ ಹುಡುಕಿಕೊಟ್ರು.

ಅದಕ್ಕಿಂತ ದೊಡ್ಡ ಸುದ್ದಿ ಕೆಐಸಿ 8462852 ಅನ್ನೋ ನಕ್ಷತ್ರ. ಗುರುವಿನಂಥ ಗ್ರಹ ಅಡ್ಡ ಬಂದ್ರೆ ನೂರಕ್ಕೆ ಒಂದರಷ್ಟು ಬೆಳಕು ಕಮ್ಮಿ ಆಗ್ಬೇಕು, ಇದರಲ್ಲಿ 2011ರಲ್ಲಿ ನೂರಕ್ಕೆ 15, 2013ರಲ್ಲಿ ನೂರಕ್ಕೆ 22 ಕಮ್ಮಿ ಆಗಿತ್ತು, ಅದೂ ಹೊತ್ತುಗೊತ್ತು ಇಲ್ದೆ. ಕಂಪ್ಯೂಟರ್ ಅದನ್ನ ಗ್ರಹ ಅಲ್ಲ ಅಂತ ಬದಿಗಿಟ್ಟಿತ್ತು, ಜನ ಬಿಡ್ಲಿಲ್ಲ, ಇದೇನೋ ಇದೆ ಅಂತ ಗುರುತು ಹಾಕಿದ್ರು. 2015ರಲ್ಲಿ ಪೇಪರ್ ಬಂದಾಗ ಏಲಿಯನ್‌ಗಳು ಕಟ್ಟಿದ್ದು ಅಂತೆಲ್ಲಾ ಟಿವಿಲಿ ಬಂತು, ನಿಮಗೂ ನೆನಪಿರುತ್ತೆ. ಆಮೇಲೆ ಜನ ದುಡ್ಡು ಹಾಕಿ ನೆಲದ ಮೇಲಿನ ಟೆಲಿಸ್ಕೋಪ್‌ಗಳಲ್ಲಿ ಸಮಯ ಕೊಂಡು ಆ ನಕ್ಷತ್ರನ ಕಾವಲು ಕಾಯೋ ವ್ಯವಸ್ಥೆ ಆಯ್ತು, ಹವ್ಯಾಸಿಗಳೂ ಕಾದ್ರು, 2017ರ ಮೇ ತಿಂಗಳಲ್ಲಿ ಮತ್ತೆ ಬೆಳಕು ಇಳಿಯುವಾಗ ಎಲ್ರೂ ನೋಡ್ತಾ ಇದ್ರು. ನೀಲಿ ಬೆಳಕು ಜಾಸ್ತಿ ಇಳೀತಿದೆ, ಕೆಂಪು ಬೆಳಕು ಅಷ್ಟು ಇಳೀತಿಲ್ಲ. ಗಟ್ಟಿ ವಸ್ತು ಅಡ್ಡ ಬಂದ್ರೆ ಎಲ್ಲಾ ಬಣ್ಣನೂ ಒಂದೇ ಸಮ ತಡೀಬೇಕು, ಹೀಗೆ ಬಣ್ಣಕ್ಕೊಂದು ಲೆಕ್ಕ ಆದ್ರೆ ಅದು ಸಣ್ಣ ಧೂಳು. ಸ್ಪೇಸ್ ಟೆಲಿಸ್ಕೋಪ್ ಎತ್ತಿದ ಪ್ರಶ್ನೆಗೆ ನೆಲದ ಮೇಲಿಂದ ಉತ್ತರ ಸಿಕ್ತು. ಆ ನಕ್ಷತ್ರದ ಹೊಳಪು 11.7, ನಮ್ಮ ಆರಿಂಚಲ್ಲೂ ಕಾಣುತ್ತೆ.

ಇನ್ನು ಆರಿದ್ರಾ. ಮಂಡ್ಯ ಕಡೆ ರೈತರಿಗೆ ಇದನ್ನ ಹೇಳಿಕೊಡೋ ಅಗತ್ಯ ಇಲ್ಲ, ಆರಿದ್ರಾ ಮಳೆ ಅಂತೀವಲ್ಲ, ಆ ಆರಿದ್ರಾನೇ, ಮಹಾವ್ಯಾಧನ ಭುಜದಲ್ಲಿರೋ ಕೆಂಪು ನಕ್ಷತ್ರ, ಬೀಟಲ್‌ಜ್ಯೂಸ್. 2019ರ ಕೊನೇಲಿ ಅದು ಮಂಕಾಗೋಕೆ ಶುರು ಆಯ್ತು. ಬರಿಗಣ್ಣಿಗೇ ಗೊತ್ತಾಗ್ತಿತ್ತು. ಸಾಮಾನ್ಯವಾಗಿ 0.5 ಮ್ಯಾಗ್ನಿಟ್ಯೂಡ್ ಹತ್ರ ಇರೋದು 2020ರ ಫೆಬ್ರವರಿ ಹೊತ್ತಿಗೆ 1.6ಕ್ಕೆ ಇಳೀತು, ಪಕ್ಕದ ಭುಜದ ಬೆಲಾಟ್ರಿಕ್ಸ್‌ಗೂ ಇದಕ್ಕೂ ವ್ಯತ್ಯಾಸಾನೇ ಇಲ್ಲದ ಹಾಗೆ ಆಯ್ತು. ಸಿಡಿದು ಸೂಪರ್‌ನೋವಾ ಆಗುತ್ತಾ ಅಂತ ಎಲ್ರಿಗೂ ಕುತೂಹಲ. ಇಷ್ಟು ಪ್ರಕಾಶದ ನಕ್ಷತ್ರನ ಅಳೆಯೋದು ದೊಡ್ಡ ಟೆಲಿಸ್ಕೋಪ್‌ಗೆ ಕಷ್ಟ, ಕ್ಯಾಮೆರಾ ತುಂಬಿ ಹೋಗುತ್ತೆ, ಹವ್ಯಾಸಿಗಳು ನೂರಕ್ಕೂ ಹೆಚ್ಚು ವರ್ಷದಿಂದ ಕಣ್ಣಂದಾಜಲ್ಲಿ ಬರೆದಿಟ್ಟ ಲೆಕ್ಕ ಇದ್ದಿದ್ದಕ್ಕೇ ಇದು ಮಾಮೂಲಿ ಏರಿಳಿತ ಅಲ್ಲ ಅಂತ ಹೇಳೋಕೆ ಆಗಿದ್ದು.

ಕಾರಣ ಹೇಳಿದ್ದು ಹಬಲ್. ಅದೃಷ್ಟ ನೋಡಿ, 2019ರ ಶುರುವಿಂದ್ಲೇ ಹಬಲ್ ಬೇರೆ ಅಧ್ಯಯನಕ್ಕೆ ಅಂತ ಆಗಾಗ ಆರಿದ್ರಾನ ಅಲ್ಟ್ರಾವಯಲೆಟ್‌ನಲ್ಲಿ ನೋಡ್ತಿತ್ತು. ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ದಟ್ಟವಾದ ಬಿಸಿ ಅನಿಲದ ಒಂದು ಮುದ್ದೆ ನಕ್ಷತ್ರದ ಮೇಲ್ಮೈಯಿಂದ ಹೊರಕ್ಕೆ ಹೋಗ್ತಿರೋದು ಅದರಲ್ಲಿ ದಾಖಲಾಗಿತ್ತು. ಆ ಅನಿಲ ಹೊರಗೆ ಬಂದು ತಣ್ಣಗಾಗಿ ಧೂಳಾಗಿ ನಮ್ಮ ಕಡೆಯ ಬೆಳಕಿಗೆ ಅಡ್ಡ ನಿಂತಿದೆ. ಆ ಹೊಡೆತಕ್ಕೆ ನಕ್ಷತ್ರದ 400 ದಿನದ ಮಾಮೂಲಿ ಮಿಡಿತಾನೇ ಕೆಲವು ವರ್ಷ ತಪ್ಪಿ ಹೋಯ್ತು. ಹಬಲ್ ಒಳಗಿನ ಕಾರಣ ಹೇಳ್ತು, ಮಂಕಾದ ತಾರೀಕು, ಎಷ್ಟು ಮಂಕು, ಎಷ್ಟು ದಿನ ಅನ್ನೋದಕ್ಕೆ ಜನರ ಲೆಕ್ಕ. ಎರಡೂ ಸೇರಿದ್ರೇನೇ ಕಥೆ.

ನಮ್ಮ ದೇಶದ್ದೇ ಸ್ಪೇಸ್ ಟೆಲಿಸ್ಕೋಪ್ ಆಸ್ಟ್ರೋಸ್ಯಾಟ್ ಬಗ್ಗೆ ಹೇಳುವಾಗ ನಂಗೆ ಸ್ವಲ್ಪ ಅಭಿಮಾನ ಜಾಸ್ತಿನೇ, ಸಹಿಸ್ಕೊಳ್ಳಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ30 ಮೇಲೆ ಹೋಯ್ತು, 650 ಕಿಲೋಮೀಟರ್ ಎತ್ತರ. ಐದು ವರ್ಷಕ್ಕೆ ಅಂತ ಕಳಿಸಿದ್ದು, ಅದನ್ನ ದಾಟಿ ನಡೀತು. ಅದರಲ್ಲಿರೋ ಯುವಿಐಟಿ ಅನ್ನೋ ಅಲ್ಟ್ರಾವಯಲೆಟ್ ಟೆಲಿಸ್ಕೋಪ್‌ನ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ತಮ್ಮ ಲ್ಯಾಬಲ್ಲಿ ಜೋಡಿಸಿದ್ರು. ಅಲ್ಟ್ರಾವಯಲೆಟ್ ಬೆಳಕಿಗೆ ಓಝೋನ್ ಪದರ ಅಡ್ಡ, ಅದರಲ್ಲಿ ಹೆಚ್ಚಿನ ಪಾಲು ನೆಲಕ್ಕೆ ಬರೋದೇ ಇಲ್ಲ, ಹಾಗಾಗಿ ಮೇಲೆ ಹೋಗ್ಲೇಬೇಕು. ಕನ್ನಡಿ ಎಷ್ಟು ದೊಡ್ಡದು? 38 ಸೆಂಟಿಮೀಟರ್, ಅಂದ್ರೆ 15 ಇಂಚು. ಅದಕ್ಕಿಂತ ದೊಡ್ಡ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಕೊಂಡಿರೋ ಹವ್ಯಾಸಿಗಳು ಇದಾರೆ!

ಆ 15 ಇಂಚಲ್ಲಿ ಏನು ಮಾಡಿದ್ರು ಕೇಳಿ. 2016ರ ಅಕ್ಟೋಬರ್‌ನಲ್ಲಿ ಹಬಲ್ ಮೊದ್ಲೇ ಆಳವಾಗಿ ನೋಡಿ ಬಿಟ್ಟಿದ್ದ ಜಾಗನೇ 28 ಗಂಟೆ ನೋಡಿದ್ರು, ಪುಣೆಯ ಐಯುಕಾ ಅನ್ನೋ ಖಗೋಳ ಸಂಸ್ಥೆಯ ಕನಕ್ ಸಹಾ ಮತ್ತವರ ತಂಡ. 930 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗ್ಯಾಲಕ್ಸಿಯಿಂದ ಅತೀವ ಶಕ್ತಿಯ ಅಲ್ಟ್ರಾವಯಲೆಟ್ ಬೆಳಕು ತಪ್ಪಿಸ್ಕೊಂಡು ಹೊರಗೆ ಬರ್ತಿರೋದು ಸಿಕ್ತು. ಅದು ನಿಜಾನಾ ಅಥವಾ ಉಪಕರಣದ ಗೊಂದಲಾನಾ ಅಂತ ಖಚಿತ ಮಾಡ್ಕೊಳ್ಳೋಕೆ ವರ್ಷಗಟ್ಟಲೆ ಕೂತು, 2020ರ ಆಗಸ್ಟ್‌ನಲ್ಲಿ ನೇಚರ್ ಅಸ್ಟ್ರಾನಮಿಲಿ ಪ್ರಕಟ ಮಾಡಿದ್ರು. ಹಬಲ್ ಕನ್ನಡಿ 2.4 ಮೀಟರ್, ಆದ್ರೂ ಅದಕ್ಕೆ ಸಿಗದೇ ಇದ್ದಿದ್ದು ಇದಕ್ಕೆ ಸಿಕ್ಕಿದ್ದು ಯಾಕಂದ್ರೆ ಯುವಿಐಟಿ ಡಿಟೆಕ್ಟರ್ ಒಂದೊಂದೇ ಫೋಟಾನ್ ಎಣಿಸುತ್ತೆ, ಹಿನ್ನೆಲೆ ಗದ್ದಲ ತುಂಬಾ ಕಮ್ಮಿ. ವಿಶ್ವದ ಬಾಲ್ಯದಲ್ಲಿ ಕತ್ತಲೆ ಮಂಜನ್ನ ಸರಿಸಿದ ಬೆಳಕು ಎಲ್ಲಿಂದ ಬಂತು ಅನ್ನೋ ದೊಡ್ಡ ಪ್ರಶ್ನೆಗೆ ಇದೊಂದು ಸುಳಿವು. ಅದೇ ಬೆಂಗಳೂರಿನ ಸಂಸ್ಥೆ ನಮ್ಮ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಮೈಸೂರು ವಿವಿ ಜಾಗದಲ್ಲಿ ಕಾಸ್ಮಾಸ್ ಅನ್ನೋ ಪ್ಲಾನಿಟೇರಿಯಂ ಮತ್ತೆ ತರಬೇತಿ ಕೇಂದ್ರ ಕೈಗೆತ್ತಿಕೊಂಡಿರೋದು ನಮ್ಮೂರಿಗೆ ಬಂದ ಭಾಗ್ಯ ಅಂತ್ಲೇ ನಾನು ಅಂದ್ಕೊಂಡಿದ್ದೀನಿ.

ವೆಬ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ನೀವೆಲ್ಲಾ ಓದಿರೋದೇ. 2021ರ ಕ್ರಿಸ್‌ಮಸ್ ದಿನ ಹೋಯ್ತು, 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ, ಚಿನ್ನದ ಲೇಪದ 18 ತುಂಡು ಸೇರಿ 6.5 ಮೀಟರ್ ಕನ್ನಡಿ. ವಿಶ್ವ ಹುಟ್ಟಿ ಬರೀ 30 ಕೋಟಿ ವರ್ಷ ಆಗೋ ಮೊದ್ಲೇ ಇದ್ದ ಗ್ಯಾಲಕ್ಸಿಗಳು ಅದಕ್ಕೆ ಸಿಕ್ಕಿವೆ, ಅಷ್ಟು ಬೇಗ ಅಷ್ಟು ಪ್ರಕಾಶವಾಗಿ ಅವು ಹೇಗೆ ಬೆಳೆದ್ವು ಅನ್ನೋದಕ್ಕೆ ಇನ್ನೂ ಸಮಾಧಾನದ ಉತ್ತರ ಇಲ್ಲ. ಆದ್ರೆ ನಾನು ನಿಮಗೆ ತೋರಿಸ್ಬೇಕು ಅನ್ಕೊಂಡಿರೋದು 2022ರ ಜುಲೈನಲ್ಲಿ ಬಂದ ಮೊದಲ ಚಿತ್ರಗಳಲ್ಲಿ ಒಂದು, ಕಂದು ಬಣ್ಣದ ಬೆಟ್ಟದ ಸಾಲಿನ ಹಾಗೆ ಕಾಣುತ್ತಲ್ಲ, ಕರೀನಾ ನೆಬುಲಾದ ಅಂಚು, 7,600 ಜ್ಯೋತಿರ್ವರ್ಷ. ಯುರೋಪಿನಲ್ಲಿ ಇರೋರಿಗೆ, ಅಮೆರಿಕದ ಹೆಚ್ಚಿನ ಜನಕ್ಕೆ ಆ ಜಾಗ ಆಕಾಶದಲ್ಲಿ ಉದಯಿಸೋದೇ ಇಲ್ಲ. ನಮಗೆ ಕಾಣುತ್ತೆ! ಏಪ್ರಿಲ್ ನಡುವೆ ರಾತ್ರಿ ಒಂಬತ್ತೂವರೆ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಂತ್ರೆ, ತ್ರಿಶಂಕುವಿನ ಬಲಕ್ಕೆ, ದಿಗಂತದಿಂದ 18 ಡಿಗ್ರಿ ಮೇಲೆ. ಮೇಲುಕೋಟೆಯಂಥ ಎತ್ತರದ, ದಕ್ಷಿಣಕ್ಕೆ ಅಡ್ಡ ಏನೂ ಇಲ್ಲದ ಜಾಗದಿಂದ ಬೈನಾಕ್ಯುಲರ್‌ನಲ್ಲೇ ಮಬ್ಬು ಮೋಡದ ಹಾಗೆ ಸಿಗುತ್ತೆ. ಅದನ್ನ ನೋಡಿದ ಮೇಲೆ ವೆಬ್ ಫೋಟೋ ನೋಡಿ, ಅದು ನೀವು ಕಂಡ ಜಾಗದ ಫೋಟೋ ಆಗುತ್ತೆ.

ಕೊನೇದಾಗಿ ಕ್ವಾವಾರ್ ಅಂತ ಒಂದು, ಪ್ಲೂಟೋಗಿಂತ ಆಚೆ ಸುತ್ತೋ 1,100 ಕಿಲೋಮೀಟರ್ ಅಗಲದ ಹಿಮದ ಗೋಲ. ಅದು ಯಾವುದಾದ್ರೂ ನಕ್ಷತ್ರದ ಮುಂದೆ ಹಾದಾಗ ನಕ್ಷತ್ರ ಮರೆಯಾಗುತ್ತೆ, ಅದನ್ನ ಅಳೆದು ಗೋಲದ ಗಾತ್ರ ತಿಳ್ಕೊಳ್ಳೋದು. ಯುರೋಪಿನ ಕಿಯೋಪ್ಸ್ ಸ್ಪೇಸ್ ಟೆಲಿಸ್ಕೋಪ್ 2020ರಲ್ಲಿ ಒಂದು ಸಲ ನೋಡ್ತು, 2021ರಲ್ಲಿ ಆಸ್ಟ್ರೇಲಿಯಾದ ಹವ್ಯಾಸಿಗಳು ತಮ್ಮ ಹಿತ್ತಲಿಂದ ನೋಡಿದ್ರು, ಗೋಲ ಅಡ್ಡ ಬರೋ ಮೊದ್ಲು ಒಂದು ಸಲ, ಆದ್ಮೇಲೆ ಒಂದು ಸಲ ನಕ್ಷತ್ರ ಚೂರು ಮಂಕಾಗಿತ್ತು. ಉಂಗುರ! ಅದೂ ಕ್ವಾವಾರ್‌ನಿಂದ 4,100 ಕಿಲೋಮೀಟರ್ ದೂರದಲ್ಲಿ. ಅಷ್ಟು ದೂರದಲ್ಲಿ ಉಂಗುರದ ಚೂರುಗಳು ಒಂದಕ್ಕೊಂದು ಅಂಟ್ಕೊಂಡು ಚಂದ್ರ ಆಗಿಬಿಡ್ಬೇಕಿತ್ತು ಅಂತ ನಮ್ಮ ಲೆಕ್ಕ ಹೇಳ್ತಿತ್ತು. 2023ರಲ್ಲಿ ಇದು ನೇಚರ್‌ನಲ್ಲಿ ಬಂತು. ಇಂಥ ಮರೆಯಾಗೋ ಗಳಿಗೆ ಯಾವ ಊರಿಂದ ಎಷ್ಟು ಹೊತ್ತಿಗೆ ಕಾಣುತ್ತೆ ಅಂತ ಕರಾರುವಾಕ್ಕಾಗಿ ಹೇಳೋಕೆ ಈಗ ಆಗ್ತಿರೋದು ಗಾಯಾ ಟೆಲಿಸ್ಕೋಪಿಂದ, ಅದು 2014ರಿಂದ 2025ರ ಜನವರಿವರೆಗೂ ಸುಮಾರು 200 ಕೋಟಿ ನಕ್ಷತ್ರಗಳ ಜಾಗ ಅಳೆದಿಟ್ಟು ನಿವೃತ್ತಿ ಆಯ್ತು. ಕ್ಷುದ್ರಗ್ರಹಗಳು ನಕ್ಷತ್ರಕ್ಕೆ ಅಡ್ಡ ಬಂದಾಗ ನೆರಳು ಬೀಳೋ ಪಟ್ಟಿ ಎಷ್ಟೋ ಸಲ ಕರ್ನಾಟಕದ ಮೇಲೂ ಹಾದು ಹೋಗುತ್ತೆ, ಅವತ್ತು ಮೈಸೂರಲ್ಲಿ ಒಬ್ರು, ಮಂಡ್ಯದಲ್ಲಿ ಒಬ್ರು, ನಾಗಮಂಗಲದಲ್ಲಿ ಒಬ್ರು ಟೈಮ್ ಸರಿಯಾಗಿ ಹಿಡಿದು ವಿಡಿಯೋ ಮಾಡಿದ್ರೆ ಆ ಕ್ಷುದ್ರಗ್ರಹದ ಆಕಾರಾನೇ ಬಿಡಿಸಬಹುದು. ಒಬ್ಬರಿಂದ ಆಗಲ್ಲ, ಊರು ಊರಲ್ಲಿ ಜನ ಬೇಕು.

ಇನ್ನು ಪ್ರಶ್ನೆಗಳು.

ಹಿರಿಯರೊಬ್ರು ಕೇಳಿದ್ದು: "ಸಾರ್, ಸಿಟಿ ಲೈಟಲ್ಲಿ ಇದೆಲ್ಲಾ ಸಾಧ್ಯಾನಾ? ನಮ್ಮ ಬೀದೀಲಿ ಎಲ್‌ಇಡಿ ಹಾಕಿದ್ಮೇಲೆ ಹಾಲುಹಾದಿ ಮರ್ತೇ ಹೋಗಿದೆ." ಗ್ಯಾಲಕ್ಸಿ, ನೆಬುಲಾ ನೋಡೋಕೆ ಊರು ಬಿಟ್ಟು ಹೋಗ್ಲೇಬೇಕು ಸಾರ್. ಆದ್ರೆ ಟ್ರಾನ್ಸಿಟ್ ಅಳೆಯೋದು, ನಕ್ಷತ್ರ ಮರೆಯಾಗೋದು ಹಿಡಿಯೋದು, ಇದಕ್ಕೆ ಸಿಟಿ ಆಕಾಶ ಆಗುತ್ತೆ, ಯಾಕಂದ್ರೆ ಹಿನ್ನೆಲೆ ಬೆಳಕನ್ನ ಲೆಕ್ಕದಲ್ಲಿ ಕಳೀಬಹುದು. ನಮಗೆ ದೊಡ್ಡ ಶತ್ರು ಮೋಡ, ಜೂನ್‌ನಿಂದ ಅಕ್ಟೋಬರ್ ತನಕ ಹೆಚ್ಚಿನ ರಾತ್ರಿ ಏನೂ ಮಾಡೋಕಾಗಲ್ಲ, ಡಿಸೆಂಬರ್‌ನಿಂದ ಏಪ್ರಿಲ್ ತನಕ ಒಂದು ರಾತ್ರಿನೂ ಬಿಡ್ಬೇಡಿ.

ಒಬ್ರು ಮೇಡಂ ಕೇಳಿದ್ರು, ವೆಬ್‌ಗೆ ಜೀವ ಇರೋ ಗ್ರಹ ಸಿಕ್ಕಿದೆ ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ ಅಂತ. ಅದು ಕೆ2-18ಬಿ, ಸಿಂಹ ರಾಶಿಯಲ್ಲಿ 124 ಜ್ಯೋತಿರ್ವರ್ಷ ದೂರ. ಅಲ್ಲಿ ಮೀಥೇನ್, ಕಾರ್ಬನ್ ಡೈಆಕ್ಸೈಡ್ ಇದೆ ಅಂತ 2023ರಲ್ಲಿ ಹೇಳಿದ್ರು. 2025ರ ಏಪ್ರಿಲ್‌ನಲ್ಲಿ ಭೂಮಿ ಮೇಲೆ ಸಮುದ್ರದ ಪಾಚಿಯಂಥ ಜೀವಿಗಳಿಂದ ಬರೋ ಡೈಮೀಥೈಲ್ ಸಲ್ಫೈಡ್ ಸುಳಿವೂ ಸಿಕ್ತು ಅಂದ್ರು, ಅದೇ ಡೇಟಾನ ಬೇರೆ ತಂಡಗಳು ತಗೊಂಡು ಲೆಕ್ಕ ಮಾಡಿ ಪುರಾವೆ ಅಷ್ಟು ಗಟ್ಟಿ ಇಲ್ಲ ಅಂದ್ವು. ವೆಬ್ ಡೇಟಾ ಹೆಚ್ಚಂದ್ರೆ ಒಂದು ವರ್ಷ ಆದ್ಮೇಲೆ ಎಲ್ರಿಗೂ ಓಪನ್, ಟೆಸ್‌ದು ಮೊದಲಿಂದ್ಲೂ ಓಪನ್, ಯಾರು ಬೇಕಾದ್ರೂ ತೆಗೆದು ಪರೀಕ್ಷೆ ಮಾಡಬಹುದು, ನೀವೂ ಮಾಡಬಹುದು ಮೇಡಂ. ಸದ್ಯಕ್ಕೆ ಜೀವ ಸಿಕ್ಕಿಲ್ಲ.

ಕೊನೆಗೆ ಪಿಯು ಓದೋ ಹುಡುಗಿ ಎದ್ದು ನಿಂತು "ಸಾರ್, ನನ್ ಹತ್ರ ಟೆಲಿಸ್ಕೋಪೂ ಇಲ್ಲ ಕ್ಯಾಮೆರಾನೂ ಇಲ್ಲ, ನಾನೇನು ಮಾಡ್ಲಿ" ಅಂದ್ಲು. ಎರಡು ದಾರಿ ಇದೆಯಮ್ಮ. ಎಕ್ಸೋಪ್ಲಾನೆಟ್ ವಾಚ್‌ನಲ್ಲಿ ಬೇರೆಯವರ ಟೆಲಿಸ್ಕೋಪ್ ತೆಗೆದ ಚಿತ್ರಗಳನ್ನೇ ಕೊಡ್ತಾರೆ, ಲೆಕ್ಕ ನೀನು ಮಾಡು, ಲ್ಯಾಪ್‌ಟಾಪ್ ಸಾಕು. ಇನ್ನೊಂದು, ಡಿಸೆಂಬರ್‌ನಿಂದ ಏಪ್ರಿಲ್ ತನಕ ಸಂಜೆ ಆರಿದ್ರಾ ಕಾಣುತ್ತೆ, ಪಕ್ಕದಲ್ಲಿ ರೋಹಿಣಿ, ಹೊಳಪು 0.9, ಸಣ್ಣ ನಾಯಿ ಮಂಡಲದ ಪ್ರೊಸಿಯಾನ್, ಹೊಳಪು 0.4. ಆರಿದ್ರಾ ಈ ಎರಡರ ನಡುವೆ ಎಲ್ಲಿದೆ ಅಂತ ಬರಿಗಣ್ಣಲ್ಲೇ ಅಂದಾಜು ಮಾಡಿ ತಾರೀಕು, ಟೈಮು, ನಂಬರ್ ಬರ್ಕೋ, ಮೂರೂ ಒಂದೇ ಎತ್ತರದಲ್ಲಿ ಇರಲ್ಲ, ತೀರಾ ಕೆಳಗಿರೋದು ಮಂಕಾಗಿ ಕಾಣುತ್ತೆ, ಹಾಗಾಗಿ ಮೂರೂ ಚೆನ್ನಾಗಿ ಮೇಲೆ ಬಂದ್ಮೇಲೆ ನೋಡು, ಕೆಂಪು ನಕ್ಷತ್ರನ ದಿಟ್ಟಿಸಿ ನೋಡ್ತಾ ನಿಂತ್ರೆ ಇರೋದಕ್ಕಿಂತ ಜಾಸ್ತಿ ಹೊಳಪು ಅನ್ನಿಸುತ್ತೆ, ಚಕ್ ಚಕ್ ಅಂತ ನೋಡಿ ಕಣ್ಣು ತಿರುಗಿಸು. ವಾರಕ್ಕೊಂದು ಸಲ ಸಾಕು. 1911ರಲ್ಲಿ ಶುರುವಾದ ಅಮೆರಿಕದ ಎಎವಿಎಸ್‌ಒ ಅನ್ನೋ ಸಂಘ ಪ್ರಪಂಚದ ಯಾರೇ ಕಳಿಸಿದ್ರೂ ಈ ಲೆಕ್ಕ ತಗೊಂಡು ಜೋಪಾನ ಮಾಡುತ್ತೆ, ಅಲ್ಲಿ ಅಕೌಂಟ್ ಮಾಡ್ಕೊಂಡು ಕಳಿಸು.